ಕುಂತು ಹೋಗೂದೋ, ಮಲಗಿ ಹೋಗೂದೋ

ನಾಲತವಾಡ
ತಾ. ೧೨-೩-೨೦೦೨

ನನ್ನ ಸಿದ್ಧಾರೂಢ, ನಿನಗ ನಿಮ್ಮವ್ವನ ಆಶೀರ್ವಾದ.

ಆರಾಮ ಇದ್ದೀ? ಬೀದರದಾಗ ಬಿಸಲು ನಮ್ಮ ಕಡೆಕಿಂತ ಬಿರುಸು ಅಂತಾರ, ತಲಿಗೆ ಟಾವೆಲ್ ಕಟಗೊಂಡ ತಿರಗು. ನಿಮ್ಮ ಚರ್ಚಿನ ಸಭಿಯವರು ಊಟಕ್ಕ ಕರದರ ಸಂಕೋಚ ಮಾಡಬ್ಯಾಡ, ಹೊಟ್ಟಿ ಕಟ್ಟಿ ಯಾರೂ ಉದ್ಧಾರ ಆಗಿಲ್ಲ. ನನ್ನದು ಕೇಳತೀ ಅಂದರ, ಹೊಟ್ಯಾಗಿನ ಗಂಟು ಹಂಗ ಐತಿ. ಬಿಜಾಪುರದ ಡಾಕ್ಟರು ಇನ್ನ ಕೊಯ್ಯೂದರಾಗ ಹುರುಳಿಲ್ಲ ಅಂದು ಗುಳಿಗಿ ಕೊಟ್ಟು ಕಳಸ್ಯಾರ. ಅಳಬ್ಯಾಡ. ನೀ ಅತ್ತರ ಸಮಾಧಾನ ಮಾಡಾಕೂ ನನಗ ತ್ರಾಣ ಇಲ್ಲ. ನಿಮ್ಮಣ್ಣನ ಹೇಣ್ತಿ ಭಾಗ್ಯಜ್ಯೋತಿ ಹೆತ್ತ ಮಗಳಗತೆ ನೋಡಕೊಳ್ಳಾಕತ್ಯಾಳ. ಸಾರಿಗೆ ಖಾರ ಮಾತ್ರ ಎಷ್ಟ ಹೇಳಿದರೂ ಕಡಿಮಿ ಮಾಡವಲ್ಲಳು.

ನಿನ್ನ ಪತ್ರ ಮುಟ್ಟಿತು. ಹಂಗ ಬರೀಬಾರದಾಗಿತ್ತು ನೋಡು ನೀ. ನಾ ಸತ್ತರ ಸಭಿಯವರನ್ನ ಕರಕೊಂಡ ಬರ್ತೀ, ಪೆಟ್ಟಿಗ್ಯಾಗ ಮಲಗಿಸಿ ಪ್ರಾರ್ಥನಾ ಮಾಡಿ ಮಣ್ಣ ಮಾಡ್ತೀ, ಅದನ್ನ ಈಗಿಂದನ ಅಪ್ಪಗ ಹೇಳಿ ಒಪ್ಪಿಸಿ ಇಡು ಅಂತ ಬರದೀ. ಹೇಳಿದೆ. ನಿಮ್ಮಪ್ಪ ಉಣ್ಣೂ ತಾಟ ಸರಿಸಿ ಎದ್ದ ಹೋದರು. ಹೊತ್ತ ಮುಣಗಿದ ಮ್ಯಾಲ ಬಂದು, ನಮ್ಮ ಲಿಂಗಾಯತರು ಎಲ್ಲಾರೂ ಸತ್ತ ಮ್ಯಾಲ ಕುಣ್ಯಾಗ ಕುಂತಂಗ ನನ್ನ ಹೇಣ್ತೀನೂ ನನ್ನ ಹೊಲದಾಗ ಕುಂದರತಾಳ, ಕೈಯಾಗ ಲಿಂಗಾ ಕೊಟ್ಟು, ವಿಭೂತಿ ಹಾಕಿ ನಾನ ಕುಂದರಸ್ತೇನಿ ಅಂದರು. ಜಾಗಾನೂ ನೋಡಿ ಇಟ್ಟಾರ, ಬೇವಿನ ಗಿಡದ ಕೆಳಗ, ನನ್ನ ಅತ್ತಿ ಮಗ್ಗಲ. ಆಕಿ ಬದಕಿದ್ದಾಗ ಆಕಿ ಮುಂದ ಒಂದಿನಾ ಕುಂತಾಕಿ ಅಲ್ಲ ನಾ. ಈಗ ಮಗ್ಗಲದಾಗ ಕುಂದರಬೇಕಂತ.

ನಿನ್ನ ಮಾತು ನಾ ಮರತೇನಿ ಅಂತ ತಿಳಕೋಬ್ಯಾಡ. ನಿಮ್ಮಕ್ಕ ಹುಟ್ಟಿದ ವರ್ಷದಾಗನ ಹೋದಳಲ್ಲ, ಆವಾಗ ನನ್ನ ಅತ್ತಿ, ಇದು ಹೋದ ಜನ್ಮದಾಗ ನೀ ಮಾಡಿದ್ದು, ಈಗ ಉಣ್ಣು ಅಂದಿದ್ದಳು. ಅಂದಿನಿಂದ ಎಷ್ಟ ಸೋಮವಾರ ಒಪ್ಪತ್ತ ಇದ್ದೆ, ಎಷ್ಟ ಗುಡಿ ಸುತ್ತ ಉರುಳಿದೆ, ಬಾಗೇವಾಡಿತನಕ ಬರಿಗಾಲಿಲೆ ನಡದೆ. ಏನ ಮಾಡೇನಂತನ ಗೊತ್ತಿಲ್ಲದ ಪಾಪಾ ಎಷ್ಟಂತ ತೊಳೀಬೇಕು? ನೀ ನಿನ್ನ ಪುಸ್ತಕ ತಂದು ಓದಿ ಹೇಳಿದಿ. ಮೊದಲನೇ ಗಂಡ-ಹೆಂಡತಿ ದೇವರ ಮಾತ ಮೀರಿ ಹಣ್ಣ ತಿಂದರು, ಪಾಪ ಅಲ್ಲಿಂದ ಹುಟ್ಟಿ ಎಲ್ಲಾ ಮಂದಿಗೂ ಬಂತು, ನಮ್ಮ ಕೈಲೆ ಅದು ಹೋಗೂದಿಲ್ಲ, ಯೇಸು ತನ್ನ ಮ್ಯಾಲ ಹೊತಗೊಂಡು ಸತ್ತು ಎದ್ದ, ಆತನ್ನ ನಂಬಿದರ ಸಾಕು ಅಂದಿ. ನಾ ನಕ್ಕಿದ್ದೆ. ಆ ಹೆಣ್ಣಮಗಳು ಎಲ್ಲಾರಿಗೂ ಬಡಿಸಿ ತಾ ಹಸದ ಇರಬೇಕು, ಅದಕ್ಕ ತಿಂದಾಳ ಅಂದಿದ್ದೆ. ಆಮ್ಯಾಲ ಹಿತ್ತಲಕ ಹೋಗಿ ಅತ್ತೆ. ಈ ಪಾಪಾ ನನ್ನೊಬ್ಬಾಕಿದು ಅಲ್ಲ, ನನ್ನ ಅತ್ತಿಗೂ ಐತಿ, ಊರ ಗೌಡಗೂ ಐತಿ ಅಂತ ತಿಳದು ಎದಿ ಹಗರ ಆತು. ಇನ್ನ ನೀ ಏನೂ ಮಾಡೂದ ಬ್ಯಾಡವ್ವಾ ಅಂದಿಯಲ್ಲ, ನನ್ನಂಥಾ ದಣದಾಕಿಗೆ ಅದು ಹಾಸಿಗಿ ಹಾಸಿ ಕೊಟ್ಟಂಗ ಆತು. ಅವತ್ತ ನಂಬಿದಾಕಿ, ಇವತ್ತೂ ನಂಬೇನಿ. ಕೊರಳಾಗಿನ ಲಿಂಗಾ ತಗದಿಲ್ಲ ಖರೆ, ಹುಟ್ಟಿದಾಗ ಕಟ್ಟಿದ್ದು, ಕೈ ಬರವಲ್ದು.

ಹಂಗಿದ್ದ ಮ್ಯಾಲ ನಿನಗ್ಯಾಕ ಇಷ್ಟ ಹೆದರಿಕಿ? ನಂಬಿದರ ಸಾಕು ಅಂದಾವ ನೀನ. ಕುಂದರಸೂದೂ ಮನಷ್ಯಾರ ಕೈಕೆಲಸ, ಮಲಗಸೂದೂ ಮನಷ್ಯಾರ ಕೈಕೆಲಸ. ಕಾಲ ಚಾಚಿ ಮಲಗಬೇಕಂತ ನನಗೂ ಆಸೆ ಐತಿ, ಸುಳ್ಳ ಯಾಕ ಹೇಳಲಿ, ಮದವಿ ಆದಾಗಿಂದ ಹಗಲ ಹೊತ್ತ ನೆಲಕ್ಕ ಬೆನ್ನ ಹಚ್ಚಿಲ್ಲ. ಆದರ ಗಂಡ, ಮಗ ಇಬ್ಬರೂ ನನ್ನ ಹೆಣಾ ನಡುವ ಇಟಗೊಂಡು ಊರ ಮುಂದ ಜಗ್ಯಾಡೂದು ಬ್ಯಾಡ. ನಿಮ್ಮಿಬ್ಬರ ನಡುವ ಇಷ್ಟ ವರ್ಷ ಜಗ್ಗಿಸಿಕೊಂಡು ಸಾಕಾಗೇತಿ ನನಗ. ಕೊನೀ ದಿನಾ ಯೇಸು ಸತ್ತವರನ್ನ ಏಳ್ರಿ ಅಂತ ಕರದರ ಮಲಗಿದಾಕಿಗಿಂತ ಕುಂತಾಕಿನ ಲಗೂ ಏಳ್ತಾಳ, ಅಷ್ಟ ತಿಳಕೋ.

ಇನ್ನ ಬೆರಳ ನೋಯಾಕತ್ತಾವ. ಸಾಲ್ಯಾಗ ನಾಕನೇತ್ತಾ ತನಕ ಕಲತಾಕಿ, ತಪ್ಪ ಇದ್ದರ ತಿದ್ದಿ ಓದಕೋ. ನಿನ್ನ ಹೇಣ್ತಿಗೆ ಆಶೀರ್ವಾದ, ಕೂಸಿಗೆ ನನ್ನದೊಂದ ಮುದ್ದ. ಎಲ್ಲಾರೂ ತಣ್ಣಗಿರ್ರಿ.

ನಿನ್ನ ಹಡದವ್ವ,
ರುಕ್ಮವ್ವ

ತಾ.ಕ.: ಭಾಗ್ಯಜ್ಯೋತಿ ಪೋಸ್ಟಿಗೆ ಹೊಂಟು ಚಪ್ಪಲ ಮೆಟ್ಟಿ ನಿಂತಾಳ, ಅವಸರದಾಗ ಬರ್ಯಾಕತ್ತೇನಿ. ಖರೇ ಮಾತು ಮ್ಯಾಲ ಬರದಿಲ್ಲ ನಾ. ನಿನ್ನೆ ನಿಮ್ಮಪ್ಪ ಗುಳಿಗಿ ಕೊಟ್ಟು, ಹಂಗ ನನ್ನ ಕಾಲ ಹಂತ್ಯಾಕ ಕುಂತರು. ನನ್ನ ಮಾರಿ ನೋಡಲಿಲ್ಲ. "ನೀ ನಂಬೀದಿ, ನೀ ಆತನ ಕಡೆ ಹೋಗ್ತೀ. ನನಗ ನಂಬಿಕಿ ಬರವಲ್ದು. ನಾ ಎಲ್ಲಿಗೆ ಹೋಗ್ಲಿ, ರುಕ್ಮಾ?" ಅಂದರು. ಹೊಲದಾಗ ಕುಂದರಸ್ತೇನಂತ ಹಟಾ ಹಿಡದದ್ದು ಇದಕ್ಕ ನೋಡಪಾ, ಆಮ್ಯಾಲ ತಾವೂ ಅಲ್ಲೇ ನನ್ನ ಮಗ್ಗಲ ಬಂದು ಕುಂದರಾಕ. ಅವರ ಈ ಮಾತಿಗೆ ಪತ್ರದಾಗ ಉತ್ತರ ಬರೀಬ್ಯಾಡ. ನೀ ಬಾ, ನಿಮ್ಮಪ್ಪನ ಮುಂದ ಕುಂತು ಅವರಿಗೇ ಹೇಳು.