ಗುಲಾಬಿ ಕಲೆ

ಮಾರ್ಚ್ 2, ಬೆಳಿಗ್ಗೆ

ಇವತ್ತು ಒಂಬತ್ತು ಕಪ್. ಒಂಬತ್ತನ್ನೂ ಒಡೆದೆ. ಎರಡರ ಹಿಡಿ ಸೊಟ್ಟ. ನಾಲ್ಕರ ಮೇಲಿನ ಹೊಳಪು ಲೇಪ, ಗ್ಲೇಜ್‌ನಲ್ಲಿ ಸೂಜಿಮೊನೆಯಷ್ಟು ತೂತು. ಉಳಿದವುಗಳ ಮುಖವೇ ಹಿಡಿಸಲಿಲ್ಲ. ಹದಿನೆಂಟು ವರ್ಷ ಪಿಂಗಾಣಿ ಕಾರ್ಖಾನೆಯ ಚೆಕಿಂಗ್ ಟೇಬಲ್‌ನಲ್ಲಿ ಕೂತ ಕಣ್ಣು ಇದು. ಉಗುರಿನಲ್ಲಿ ತಟ್ಟು, ತಿರುಗಿಸಿ ನೋಡು, ತಪ್ಪು ಕಂಡರೆ ಸುತ್ತಿಗೆ. ಈಗ ಮನೆಯ ಹಿಂದಿನ ಕೋಣೆಗೂ ಅದೇ ಕಾನೂನು.

ರಜೆ ಹಾಕಿ ಐದು ತಿಂಗಳಾಯಿತು. ಕುಂಬಾರರ ತಿಗರಿ ಇದೆ, ಕರೆಂಟಿನ ಪುಟ್ಟ ಭಟ್ಟಿ ಇದೆ, ಬಾಗಿಲಿಗೆ 'ಸ್ಟುಡಿಯೋ' ಅಂತ ಬೋರ್ಡೂ ಇದೆ. ತೋರಿಸಲು ಒಂದು ಕಪ್ ಇಲ್ಲ. 31ಕ್ಕೆ ಮ್ಯಾನೇಜರಿಗೆ ಉತ್ತರ ಕೊಡಬೇಕು — ಮರಳಿ ಬರುತ್ತೇನೋ, ಇಲ್ಲವೋ.

ಮಹಡಿ ಮೇಲಿನ ಅತ್ತಿಗೆ ಇಳಿದು ಬಂದು ಒಡೆದ ಚೂರಿನ ಬಕೆಟ್‌ನೊಳಗೆ ಇಣುಕಿದಳು. "ನೀನು ಕಪ್ ಮಾಡ್ತೀಯೋ, ಜಲ್ಲಿ ಮಾಡ್ತೀಯೋ?" 

ಮಾರ್ಚ್ 5

ಅತ್ತಿಗೆ ಕಳ್ಳಿ. ಹೋದ ತಿಂಗಳು ಒಡೆಯಲೆಂದು ಬಕೆಟ್‌ಗೆ ಹಾಕಿದ್ದ ಕಪ್ಪೊಂದನ್ನು ಎತ್ತಿಕೊಂಡು ಹೋಗಿ ದಿನಾ ಕಾಫಿ ಕುಡಿಯುತ್ತಿದ್ದಾಳೆ. ಬಿಳಿ ಕಪ್, ಒಂದು ಕೆನ್ನೆಗೆ ಮಾತ್ರ ಮಾಸಲು ಗುಲಾಬಿ ಕಲೆ. ಅದನ್ನು ಮೂಲೆಮನೆಯ ಹಲ್ಲಿನ ಡಾಕ್ಟರಿಗೂ ತೋರಿಸಿದ್ದಾಳೆ. ಸಂಜೆ ಡಾಕ್ಟರೇ ಬಂದರು.

"ಇಂಥದ್ದೇ ಆರು ಬೇಕು."

"ಅದು ರಿಜೆಕ್ಟು. ಕಲೆ ಇಲ್ಲದ್ದು, ಒಳ್ಳೇದು ಮಾಡ್ಕೊಡ್ತೀನಿ."

"ಒಳ್ಳೇದು ಅಂಗಡೀಲೇ ಸಿಗುತ್ತಲ್ಲ."

ನಾಚಿಕೆಯೂ ಆಯಿತು, ಒಳಗೊಳಗೇ ಹಿಗ್ಗೂ ಆಯಿತು. ತಿಂಗಳ ಕೊನೆಗೆ ಕೊಡುತ್ತೇನೆ ಎಂದುಬಿಟ್ಟೆ. ಆರೂ ಆದರೆ ಇಲ್ಲೇ ಉಳಿಯುವುದು. ಆಗದಿದ್ದರೆ ಟೇಬಲ್‌ಗೆ ವಾಪಸ್.

ಆದರೆ ಕಲೆ ಬಂದದ್ದು ಹೇಗೆ? ಕಾರ್ಖಾನೆಯಲ್ಲಿ ಇಂಥವನ್ನು ಸಾವಿರಗಟ್ಟಲೆ ಒಡೆದಿದ್ದೇನೆ. ಒಂದು ದಿನವೂ ಯಾಕೆ ಅಂತ ಕೇಳಿದವಳಲ್ಲ.

ಮಾರ್ಚ್ 9

ಗ್ಲೇಜ್ ತೆಳು ಮಾಡಿದೆ. ಬಿಳಿ. ದಪ್ಪ ಮಾಡಿದೆ. ಬಿಳಿ. ಭಟ್ಟಿಯ ಕಾಯಿಲ್‌ಗೆ ಅಂಟುವಷ್ಟು ಹತ್ತಿರ ಇಟ್ಟೆ. ಆಗಲೂ ಬಿಳಿ, ಅಪ್ಪಟ. ಬೇಡವಾದಾಗ ಬರುತ್ತಿತ್ತು... ತಲೆಗೆ ಹುಳ ಬಿಟ್ಟ ಹಾಗಾಗಿದೆ. ಅನ್ನ ಸೀದದ್ದೂ ಗೊತ್ತಾಗಲಿಲ್ಲ.

ಮಾರ್ಚ್ 16, ಮಧ್ಯಾಹ್ನ

ಒಂದು ವಾರ ಬರೆಯಲಿಲ್ಲ. ಬರೆಯಲು ಇದ್ದದ್ದು ಬರೀ ಬಿಳಿ.

ಮರ್ಯಾದೆ ಬಿಟ್ಟು ಭಟ್ಟಿಮಾಮನಿಗೆ ಫೋನ್ ಮಾಡಿದೆ. ಕಾರ್ಖಾನೆಯ ಭಟ್ಟಿ ನೋಡಿಕೊಂಡು ರಿಟೈರ್ ಆದವರು. ಅವರು ಬೇಯಿಸಿದ್ದನ್ನು ನಾನು ಒಡೆಯುತ್ತಿದ್ದೆ, ಅದಕ್ಕೇ ನನ್ನ ಹೆಸರು ಸುತ್ತಿಗೆ. ಫೋನಿನಲ್ಲೇ ಗಹಗಹಿಸಿ ನಕ್ಕರು.

"ಏನಮ್ಮ ಸುತ್ತಿಗೆ, ಈಗ ಕಲೆ ಬೇಕಾಯ್ತಾ? ಕಪ್ಪನ್ನೇ ಏನ್ ನೋಡ್ತೀಯ. ಅವತ್ತು ಅದರ ಪಕ್ಕದಲ್ಲಿ ಯಾರಿದ್ರು ನೋಡು."

ಅಷ್ಟೇ ಹೇಳಿ ಇಟ್ಟರು. ಭಟ್ಟಿಯಲ್ಲಿ ಯಾವುದನ್ನು ಎಲ್ಲಿ ಇಟ್ಟೆ ಅಂತ ಬರೆದಿಡುವ ಪುಸ್ತಕ ತೆಗೆದೆ. ಫೆಬ್ರವರಿ 11 — ಆ ಕಪ್ಪಿನ ಎಡಗಡೆ, ಅತ್ತಿಗೆ ಹಟ ಹಿಡಿದು ಮಾಡಿಸಿಕೊಂಡ ಹಸಿರು ಸೋಪ್ ಡಬ್ಬಿ. ಕಲೆಯೂ ಎಡಗಡೆಗೇ.

ಮಾರ್ಚ್ 20

ಪರೀಕ್ಷೆಗೆಂದು ಹಸಿರು ಬಳಿದ ಮಣ್ಣಿನ ಬಿಲ್ಲೆ ಒಂದು, ಅದರ ಪಕ್ಕ ಬಿಳಿ ಬಿಲ್ಲೆ ಒಂದು. ಬೆರಳಷ್ಟು ಅಂತರ. ಬಂತು. ಭಟ್ಟಿಯ ಬಿಸಿಗೆ ಹಸಿರಿನಿಂದ ಆವಿಯಂಥದ್ದೇನೋ ಏಳುತ್ತದೆ, ಪಕ್ಕದ ಬಿಳಿಗೆ ತಾಗಿ ಗುಲಾಬಿಯಾಗುತ್ತದೆ. ಹಸಿರಿನಿಂದ ಗುಲಾಬಿ. ಬಿಲ್ಲೆಯನ್ನು ಮೂರು ಸಲ ಕಿಟಕಿಗೆ ಹಿಡಿದು ನೋಡಿದೆ. ಅತ್ತಿಗೆಗೆ ತೋರಿಸಿದೆ. "ನನ್ನ ಸೋಪ್ ಡಬ್ಬಿಗೆ ಅರ್ಧ ಪಾಲು ಕೊಡು" ಅಂದಳು.

ಮಾರ್ಚ್ 31, ಹನ್ನೊಂದು ಗಂಟೆ

ಭಟ್ಟಿ ತೆರೆದೆ. ಏಳು ಇಟ್ಟಿದ್ದೆ, ಒಂದು ಹೆಚ್ಚಿಗೆ ಇರಲಿ ಅಂತ. ಆರಕ್ಕೆ ಗುಲಾಬಿ, ಒಂದರಂತೆ ಒಂದಿಲ್ಲ. ಭಟ್ಟಿಯ ಮೇಲಿನ ಹಲಗೆಯಲ್ಲಿದ್ದ ಏಳನೆಯದಕ್ಕೆ ಹಸಿರು ತಾಗಲೇ ಇಲ್ಲ. ಅಚ್ಚ ಬಿಳಿ, ಹಿಡಿ ನೆಟ್ಟಗೆ. ನನ್ನ ಕೈಯಿಂದ ಇಷ್ಟು ಶುದ್ಧವಾದದ್ದು ಇದುವರೆಗೆ ಬಂದಿರಲಿಲ್ಲ. ತೆಗೆದು ಪಕ್ಕಕ್ಕಿಟ್ಟೆ.

"ಅದಕ್ಕೇನಾಗಿದೆ?" ಅತ್ತಿಗೆ ಕೇಳಿದಳು.

"ಏನೂ ಆಗಿಲ್ಲ."

"ಮತ್ತೆ ಯಾಕೆ ಪಕ್ಕಕ್ಕಿಟ್ಟೆ?"

"ಅದಕ್ಕೇ. ಏನೂ ಆಗಿಲ್ಲ."

ಹನ್ನೆರಡೂವರೆ

ಮ್ಯಾನೇಜರ್ ಫೋನ್. "ನಾಳೆಯಿಂದ ಟೇಬಲ್‌ಗೆ ಬರ್ತೀರಲ್ಲ?"

"ಬರಲ್ಲ ಸಾರ್. ನನ್ನ ಕಣ್ಣು ಕೆಟ್ಟಿದೆ."

"ಅಯ್ಯೋ. ಡಾಕ್ಟರಿಗೆ ತೋರಿಸಿದ್ರಾ?"

"ಸಂಜೆ ತೋರಿಸ್ತೀನಿ ಸಾರ್. ಹಲ್ಲಿನ ಡಾಕ್ಟರಿಗೆ."

ಫೋನ್ ಇಟ್ಟೆ. ಭಯವಿದೆ, ಸುಳ್ಳು ಯಾಕೆ. ಆದರೆ ಬೆಳಿಗ್ಗೆಯಿಂದ ಒಂದೇ ಯೋಚನೆ ಬಿಡುತ್ತಿಲ್ಲ. ಹಸಿರಿನ ಪಕ್ಕ ಗುಲಾಬಿ, ಸರಿ. ನೀಲಿಯನ್ನು ಪಕ್ಕ ಇಟ್ಟರೆ —