ಸಾವಂತ್ರೆವ್ವನ ಹಳದಿ

ಕಿನ್ನಾಳ
ಫೆಬ್ರವರಿ 30, 2194

ಬಣ್ಣದ ಡಬ್ಬಿಗಳಿಗೆ ಚೀಟಿ ಬರೆಯುವವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡು ನಲವತ್ತು ವರ್ಷವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ಹೊಸವೆನಿಸಬಹುದು, ಕ್ಷಮಿಸಿ. ನಾನು ನೀಲಗಂಗಾ, ಈ ಊರಿನ ಬಣ್ಣಸಾಕ್ಷಿ. ಎಂದರೆ ಗೊಂಬೆ ಮಾಡುವವರು, ಶಾಲೆಯವರು ಬಳಸುವ ಪ್ರತಿ ಬಣ್ಣವನ್ನೂ ಅಂಟನ್ನೂ ಪರೀಕ್ಷಿಸಿ ಒಳಪಟ್ಟಿಗೆ ಸಹಿ ಹಾಕುವವಳು. ಡಬ್ಬಿಯಲ್ಲಿ ಏನೇನಿದೆ, ಅದು ಉಸಿರಿನಿಂದ ಮೈ ಸೇರುತ್ತದೋ ಬಾಯಿಂದಲೋ, ಸೇರಿದರೆ ಏನಾಗುತ್ತದೆ ಎಂದು ಬಳಸುವವರ ಭಾಷೆಯಲ್ಲೇ ಹೇಳುವ ಚೀಟಿಗೆ ನಮ್ಮಲ್ಲಿ ಒಳಪಟ್ಟಿ ಎನ್ನುತ್ತಾರೆ. ಅಪಾಯವಿದ್ದರೆ ಅದರ ಅಂಚು ಗರಗಸದ ಹಲ್ಲಿನಂತೆ ಒರಟಾಗಿರುತ್ತದೆ. ಬೆರಳಿಗೆ ಒರಟು ತಾಗಿದರೆ ಡಬ್ಬಿ ಕೆಳಗಿಟ್ಟು ದೊಡ್ಡವರನ್ನು ಕರೆಯಬೇಕೆಂದು ಅಕ್ಷರ ಬಾರದ ಕೂಸಿಗೂ ಗೊತ್ತು.

ಮೂರು ವರ್ಷದ ಹಿಂದೆ ಹಳೆಯ ಗೋದಾಮೊಂದನ್ನು ಕೆಡವುವಾಗ ನಿಮ್ಮ ಕಾಲದ ಹನ್ನೆರಡು ಡಬ್ಬಿ ಹಳದಿ ಪುಡಿ ಸಿಕ್ಕಿತು. ನನಗೆ ಕುಂಚ ಹಿಡಿಯಲು ಕಲಿಸಿದ ಗುರು ಸಾವಂತ್ರೆವ್ವ ಅದನ್ನು ಮನೆಗೆ ತಂದರು. ಚೀಟಿಯ ಮೇಲಿದ್ದದ್ದು ಎರಡೇ ಮಾತು: ‘ಸಂಪೂರ್ಣ ಸುರಕ್ಷಿತ’. ಅಷ್ಟು ಹೊಳೆಯುವ ಹಳದಿಯನ್ನು ಊರು ಕಂಡಿರಲಿಲ್ಲ. ಅವರು ಚೀಟಿಯನ್ನು ನಂಬಿದರು. ಗೊಂಬೆಗಳ ಸೀರೆಯಂಚು ಬರೆಯುವಾಗ ಕುಂಚದ ತುದಿಯನ್ನು ತುಟಿಯಲ್ಲಿ ಒತ್ತಿ ಚೂಪು ಮಾಡುವುದು ಅವರ ರೂಢಿ. ನಲವತ್ತೊಂದು ಗೊಂಬೆ ಮಾಡಿ, ನನಗೂ ತಿಳಿಸದೆ ಓಣಿಯ ಮಕ್ಕಳಿಗೆ ಹಂಚಿಬಿಟ್ಟರು. ಆಮೇಲೆ ಸಂತೆಗೆಂದು ಇನ್ನಷ್ಟು ಮಾಡಿ, ಸಹಿಗಾಗಿ ನನ್ನಲ್ಲಿಗೆ ಬಂದರು. ಪರೀಕ್ಷೆಯಲ್ಲಿ ಕಂಡದ್ದು ಸೀಸ, ಅದೂ ಧಾರಾಳವಾಗಿ.

“ನಿನಗ ಕುಂಚ ಹಿಡಿಯೂದು ಕಲಿಸಿದಾಕಿ ನಾನು. ನನ್ನ ಹಳದಿಗೇ ಸಹಿ ಇಲ್ಲಂತೀಯೇನ?”

“ಇದು ಕೂಸಿನ ಬಾಯಾಗ ಹೋಗ್ತದ, ಅವ್ವಾ. ನಾ ಹೆಂಗ ಹಾಕ್ಲಿ?”

ಅವರು ಎದ್ದು ಹೋದರು. ಎರಡು ತಿಂಗಳು ನನ್ನ ಮುಖ ನೋಡಲಿಲ್ಲ. ಹೊಟ್ಟೆನೋವೆಂದು ಮಲಗುತ್ತಿದ್ದಾರೆಂದು ಸುದ್ದಿ ಬರುತ್ತಿತ್ತು. ನಾನು ಹೋದರೆ ಬಾಗಿಲು ತೆಗೆಯುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಅವರೇ ಬಂದರು. ಬಲಗೈಯ ಮಣಿಕಟ್ಟು ಬಾಡಿದ ಎಲೆಯಂತೆ ಜೋತುಬಿದ್ದಿತ್ತು.

“ಕುಂಚ ನಿಲ್ಲವಲ್ದು,” ಎಂದರು. ಆಮೇಲೆ, “ಮಕ್ಕಳಿಗೆ ಕೊಟ್ಟೀನಿ, ನೀಲಾ,” ಎಂದರು.

ಆಸ್ಪತ್ರೆಗೆ ಮೊದಲು ಹೋಗೋಣವೆಂದರೆ ಕೇಳಲಿಲ್ಲ. ಮನೆಮನೆಗೆ ಹೋಗಿ, ಜೋತುಬಿದ್ದ ಕೈ ತೋರಿಸಿ, “ತಪ್ಪು ನಂದ, ಗೊಂಬಿ ವಾಪಸ್ ಕೊಡ್ರಿ,” ಎಂದು ಕೇಳಿದರು. ಒಬ್ಬರೂ ಬೈಯಲಿಲ್ಲ. ಅದರಿಂದಲೇ ಅವರಿಗೆ ಹೆಚ್ಚು ನೋವಾಯಿತೆಂದು ಕಾಣುತ್ತದೆ. ಸಂಜೆಯೊಳಗೆ ನಲವತ್ತೊಂದೂ ನನ್ನ ಕಪಾಟಿಗೆ ಬಂದವು. ಮರುದಿನ ಅವರದೂ ಮಕ್ಕಳದೂ ರಕ್ತ ಪರೀಕ್ಷೆಯಾಯಿತು. ಇಬ್ಬರು ಮಕ್ಕಳ ರಕ್ತದಲ್ಲಿ ಸೀಸ ಸ್ವಲ್ಪ ಏರಿತ್ತು. ಆರು ತಿಂಗಳಲ್ಲಿ ಇಳಿಯಿತು. ಸಾವಂತ್ರೆವ್ವನ ಕೈ ಸರಿಹೋಗಲು ಒಂದೂವರೆ ವರ್ಷ ಬೇಕಾಯಿತು.

ಈಗ ಅವರು ಗುಡ್ಡದ ಹಳದಿ ಮಣ್ಣನ್ನು ತೊಳೆದು, ಸೋಸಿ ಬೇರೆಯೇ ಹಳದಿ ಮಾಡುತ್ತಾರೆ. ಅದು ಕೊಂಚ ಮಂಕು, ಆದರೆ ಸೀಸವಿಲ್ಲ. ಮೊದಲ ಡಬ್ಬಿಯ ಒಳಪಟ್ಟಿಯನ್ನು ತಾವೇ ಬರೆದರು. ಕೊನೆಯ ಸಾಲು ಹೀಗಿತ್ತು: ‘ಒಣಪುಡಿಯನ್ನು ಬಹುಕಾಲ ಉಸಿರಾಡಿದರೆ ಎಷ್ಟು ಕೆಡುಕು ಎಂಬುದು ನನಗೆ ಗೊತ್ತಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.’ ಆ ಚೀಟಿಗೆ ಸಹಿ ಹಾಕುವಾಗ ಆದಷ್ಟು ಸಂತೋಷ ನನಗೆ ಬೇರಾವ ಸಹಿಗೂ ಆಗಿಲ್ಲ.

ನನ್ನದೊಂದೇ ಕೋರಿಕೆ. ಒಳಗೇನಿದೆಯೋ ಅದನ್ನು ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ. ನಿಮ್ಮ ಡಬ್ಬಿಯನ್ನು ಯಾರು, ಯಾವಾಗ ತೆರೆಯುತ್ತಾರೋ ನಿಮಗೆ ತಿಳಿಯದು, ಮತ್ತು ಅವರು ನಿಮ್ಮನ್ನು ಕೇಳಲಾರರು.

ನಿಮ್ಮ ಮುಂದಿನವಳು,
ನೀಲಗಂಗಾ