ಅಜ್ಜಿಯ ಕೊಡೆ ಮತ್ತು ಅಲ್ಯೂಮಿನಿಯಂ ಜೇನುಗೂಡು

ಬುಧವಾರ
ಕಾರು ಗುದ್ದಿಸಿ ನೋಡುವ ಪ್ರಯೋಗಾಲಯದ ಉಗ್ರಾಣದಿಂದ

ಅಖಂಡ ಮೊಣಕಾಲುನೋವನ್ನು ಜಯಿಸಿದ ವೀರಾಗ್ರಣಿ, ಚೂಪುಮೊನೆಯ ಕರಿ ಕೊಡೆಯ ಏಕೈಕ ಒಡತಿ, ನಮ್ಮ ವಂಶದ ಎರಡು ತಲೆಮಾರುಗಳ ಕಿವಿ ಹಿಂಡಿ ಮೂರನೆಯದಕ್ಕೆ ಕೈ ಚಾಚಿರುವ ಮಹಾಮಾತೆ ಅಜ್ಜಿಯವರ ದಿವ್ಯ ಸನ್ನಿಧಾನಕ್ಕೆ, ಮೊಮ್ಮಗಳು ದೂರದಿಂದಲೇ ಅಡ್ಡಬಿದ್ದು ಬಿನ್ನವಿಸಿಕೊಳ್ಳುವುದೇನೆಂದರೆ:

ಅತ್ತೆ ಫೋನ್ ಮಾಡಿದ್ದರು. ಭಾನುವಾರ ನಮ್ಮ ಪ್ರಯೋಗಾಲಯ ನೋಡಿ ಹೋದಾಗಿನಿಂದ ತಾವು ಬಾಗಿಲು ಹಾಕಿಕೊಂಡು ಕೂತಿದ್ದೀರಂತೆ. ಊಟದ ತಟ್ಟೆ ಹೋದ ಹಾಗೇ ವಾಪಸು ಬರುತ್ತಿದೆಯಂತೆ. ಈ ವಯಸ್ಸಿನವರೆಗೆ ಒಂದು ಲೋಟ ಒಡೆದವಳಲ್ಲ, ಹೋಗಿ ಹೋಗಿ ಮಗು ಕೆಲಸ ಮಾಡೋ ಜಾಗದಲ್ಲಿ ಮರ್ಯಾದೆ ಕಳೆದುಬಿಟ್ಟೆ ಅಂತ ಗೊಣಗುತ್ತಿದ್ದೀರಂತೆ. ಕಡ್ಡಿಯಂಥ ಮೈಗೆ ಉಪವಾಸ ಬೇರೆ ಕೇಡು! ಅದೂ ಸಾಲದೆಂದು ಶುಕ್ರವಾರ ಬಸ್ಸು ಹತ್ತಿ ಬಂದು ನಮ್ಮ ಸಾಹೇಬರ ಕ್ಷಮೆ ಕೇಳುತ್ತೀರಂತೆ. ಅದೊಂದು ಬೇಡ ಅಜ್ಜಿ.

ತಾವು-ಗೀವು ಇಲ್ಲಿಗೆ ಸಾಕು, ಕೈ ನೋಯುತ್ತದೆ.

ನೀನು ಚುಚ್ಚಿದ್ದು ಎಂಥ ವಸ್ತು ಅಂತ ಮೊದಲು ತಿಳಿದುಕೋ. ರಸ್ತೆಯಲ್ಲಿ ಎದುರಿನಿಂದ ಬಂದು ಗುದ್ದುವ ಕಾರು ಬಂಡೆಯಲ್ಲ. ಗುದ್ದಿದಾಗ ಅದೂ ನಜ್ಜುಗುಜ್ಜಾಗುತ್ತದೆ. ಹಾಗಾಗಿ ನಾವು ಕಾಂಕ್ರೀಟ್ ಗೋಡೆಯ ಮುಂದೆ, ತೆಳು ಅಲ್ಯೂಮಿನಿಯಂ ಹಾಳೆಯಿಂದ ಜೇನುಗೂಡಿನ ಹಾಗೆ ಮಾಡಿದ ದೊಡ್ಡ ದಿಮ್ಮಿಯೊಂದನ್ನು ಬಿಗಿದು, ಕಾರಿನ ಮೂತಿಯ ಒಂದು ಪಕ್ಕ ಅದಕ್ಕೆ ಗುದ್ದುವಂತೆ ಮಾಡುತ್ತೇವೆ. ಅದೇ ಬ್ಯಾರಿಯರ್. ಜನ್ಮದಲ್ಲಿ ಅದಕ್ಕೊಂದೇ ಕೆಲಸ, ಒಂದು ಸಲ ಅಪ್ಪಚ್ಚಿಯಾಗುವುದು. ಆ ಶುಭ ಗಳಿಗೆಯವರೆಗೆ ಉಗುರು ತಾಗಿದರೂ ಹಾಹಾಕಾರ. ಜಜ್ಜಿಸಿಕೊಳ್ಳಲೆಂದೇ ಹುಟ್ಟಿದ್ದನ್ನು ಹಸುಗೂಸಿನ ಹಾಗೆ ಕಾಯುವುದಕ್ಕೆ ನನಗೆ ಸಂಬಳ.

ಭಾನುವಾರ ಅದು ಉಗ್ರಾಣದಲ್ಲಿ ಹೊದಿಕೆ ಹೊದ್ದು ಅಂಗಾತ ಮಲಗಿತ್ತು. ನಾನು ಹೊದಿಕೆಯ ಅಂಚನ್ನಷ್ಟೇ ಎತ್ತಿ ಪಕ್ಕದ ಗೂಡುಗಳನ್ನು ತೋರಿಸಿದೆ. ಇದೇನೇ ಕಪಿ, ಕಾಗದದ ಹಾಗಿದೆ, ಇದು ಕಾರನ್ನ ತಡೆಯುತ್ತಾ ಅಂತ ನೀನು ಕೊಡೆಯಿಂದ ತಿವಿದೇಬಿಟ್ಟೆ. ನಾನು ಅಯ್ಯೋ ಅಜ್ಜೀ ಎಂದು ಕಿರುಚಿದ್ದಕ್ಕೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ಜೋರಾಗಿ ಕಿರುಚಬೇಕಿರಲಿಲ್ಲ, ನಿಜ.

ಸೋಮವಾರ ಸಾಹೇಬರು ಹೊದಿಕೆ ತೆಗೆಸಿ, ಪರೀಕ್ಷೆ ನಿಲ್ಲಿಸಿ, ಇನ್ನೊಂದು ಬ್ಯಾರಿಯರ್ ತರಿಸಲು ಹೇಳಿದರು. ಆಗ ನಿನ್ನ ಪರವಾಗಿ ಯಾರು ನಿಂತರು? ನಾನು! ವಯಸ್ಸಾದವರು ಸರ್, ಬಿಟ್ಟುಬಿಡಿ ಅಂತ ಗದ್ಗದಿತಳಾಗಿ ಬೇಡಿಕೊಂಡೆ. ಅವರು ಒಂದು ಮಾತೂ ಬೈಯಲಿಲ್ಲ. ಚಾಲಕನ ಜಾಗದಲ್ಲಿ ಕೂರಬೇಕಿದ್ದ ಗೊಂಬೆಗೂ ರಜೆ ಸಿಕ್ಕಿದೆ. ಎಲ್ಲರೂ ಸುಖವಾಗಿದ್ದಾರೆ.

ಆದ್ದರಿಂದ ನೀನು ಬರುವ ಅಗತ್ಯವೇ ಇಲ್ಲ. ಸಾಹೇಬರಿಗೆ ಹಿರಿಯರನ್ನು ಕಂಡರೆ ವಿಪರೀತ ಸಂಕೋಚ. ಶುಕ್ರವಾರ ಅವರು ಊರಲ್ಲಿರುವುದಿಲ್ಲ. ಇದ್ದರೂ ಕೆಮ್ಮು. ನಿಮ್ಮ ಅಜ್ಜಿಯನ್ನ ಒಂದ್ಸಲ ಕರ್ಕೊಂಡು ಬಾರಮ್ಮ ಅಂತ ದಿನಾ ಹೇಳುತ್ತಿರುವುದು ಬರೀ ಸೌಜನ್ಯಕ್ಕೆ.

ಇಂತಿ ನಿನ್ನ ಪ್ರಾಣರಕ್ಷಕಿ, ತ್ಯಾಗಮಯಿ,
ಕಪಿ

ತಾ.ಕ.: ನೀನು ಊಟ ಬಿಟ್ಟಿದ್ದು ನೆನಪಾಗಿ ಲಕೋಟೆ ಅಂಟಿಸಲಾಗಲಿಲ್ಲ. ನಿನ್ನ ಕೊಡೆ ಮಾಡಿದ್ದು ಕಡಲೆಕಾಳಿನಷ್ಟು ತಗ್ಗು. ಸಾಹೇಬರು ಅದನ್ನು ಕಂಡು ನಕ್ಕುಬಿಟ್ಟರು. ಪರೀಕ್ಷೆ ನಿಂತದ್ದು ಮೇಲ್ಭಾಗದಲ್ಲಿ ಅಕ್ಕಪಕ್ಕ ಇದ್ದ ಎರಡು ಅಗಲವಾದ ಗುಂಡಿಗಳಿಂದ. ಶನಿವಾರ, ಗೊಂಬೆಗಳ ಮುಖಕ್ಕೆ ಬಣ್ಣ ಬಳಿಯುವ ಅಣ್ಣನನ್ನು ಹೆದರಿಸಲು ಏಣಿಯ ತುದಿಯಿಂದ ಹಾರಿದವಳು, ಕೂತ ಭಂಗಿಯಲ್ಲೇ ಬ್ಯಾರಿಯರ್ ಮೇಲೆ ಬಿದ್ದೆ. ಅದಕ್ಕೊಂದು ಹಾಳು ಗುಣ: ಪೆಟ್ಟು ಎಷ್ಟು ಜೋರೋ ಅಷ್ಟೇ ಆಳಕ್ಕೆ ಕುಗ್ಗುತ್ತದೆ, ಒಂದಿಷ್ಟೂ ಮುಚ್ಚಿಡುವುದಿಲ್ಲ. ಸಾಹೇಬರು ಆಳ ಅಳೆದು, ಲೆಕ್ಕ ಹಾಕಿ, ಇಲ್ಲಿ ಕೂತದ್ದು ಒಂದೋ ಆನೆ, ಇಲ್ಲಾ ಮೇಲಿಂದ ಬಿದ್ದವರು ಅಂದರು. ಅಜ್ಜಿ ಸುಸ್ತಾಗಿ ಸ್ವಲ್ಪ ಹೊತ್ತು ಕೂತಿದ್ದರು ಸರ್ ಅಂದೆ. ಅಂದಿನಿಂದ ಅವರಿಗೆ ನಿನ್ನನ್ನು ನೋಡುವ ಆಸೆ.

ಬರಲೇಬೇಕು ಅಂತಿದ್ದರೆ ಮನೆಯಲ್ಲಿರುವ ಸ್ವೆಟರುಗಳನ್ನೆಲ್ಲ ತೊಟ್ಟು ಬಾ. ಮತ್ತೆ, ಈಗಲೇ ಎದ್ದು ಊಟ ಮಾಡು ಅಜ್ಜಿ. ಶುಕ್ರವಾರದೊಳಗೆ ನೀನು ಎಷ್ಟು ದಪ್ಪಗಾಗುತ್ತೀಯೋ ನನ್ನ ಕೆಲಸಕ್ಕೆ ಅಷ್ಟು ಕ್ಷೇಮ.